‘ನಾನಾ’ ಬರೆದ ಆರ್‌ಎಂಬಿ ಟ್ರಿಬ್ಯೂನಲ್ಲಿನಲ್ಲಿ ಬಿದ್ದದ್ದು ಹೀಗೆ

ಸೇನೆಯಿಂದ ಬಿಡುಗಡೆಯಾಗುವಾಗ ಪರೀಕ್ಷಿಸುವ ಮೆಡಿಕಲ್ ಬೋರ್ಡ್ (ಆರ್‌ಎಂಬಿ) ಒಮ್ಮೆ ‘ನಾನಾ’ ಬರೆದರೆ ಬ್ರಹ್ಮ ಬಂದರೂ ತಿದ್ದಲಾಗದು ಅಂದವರೇ ಹೆಚ್ಚು. ‘ನಾನಾ’ ಅಂದರೆ ಕಾಯಿಲೆ ಸೇವೆಯಿಂದ ಬಂದದ್ದೂ ಅಲ್ಲ, ಸೇವೆಯಿಂದ ಉಲ್ಬಣಿಸಿದ್ದೂ ಅಲ್ಲ ಅಂತ; ಹಾಗಾದರೆ ಅಂಗವೈಕಲ್ಯ ಪಿಂಚಣಿ ಇಲ್ಲ. ನನಗೆ ಬರೆದದ್ದು ಬಿಪಿ, ವೈಕಲ್ಯ 30 ಪರ್ಸೆಂಟ್, ಜೀವನಪರ್ಯಂತ. ಕಾರಣದ ಜಾಗದಲ್ಲಿ ಒಂದೇ ಸಾಲು, ‘ಪೀಸ್ ಸ್ಟೇಷನ್ನಿನಲ್ಲಿ ಶುರು’, ಅಂದರೆ ಕಾರ್ಯಾಚರಣೆ ಇಲ್ಲದ ಶಾಂತ ಠಾಣೆಯಲ್ಲಿ. ಈಗ ತಿದ್ದಿದ ಪಿಪಿಒ (ಪಿಂಚಣಿ ಆದೇಶ) ಕೈಯಲ್ಲಿದೆ.

ಮೊದಲು ದುಡ್ಡು ಪೋಲಾದದ್ದು ಹೇಳುತ್ತೇನೆ. ಫಸ್ಟ್ ಅಪೀಲಿಗೆ ಖಾಸಗಿಯಾಗಿ ಎಕೋ, ಟಿಎಂಟಿ ಎಂಬ ಹೃದಯದ ಪರೀಕ್ಷೆ ಮಾಡಿಸಿ ಲಗತ್ತಿಸಿದೆ, ಏಳೆಂಟು ಸಾವಿರ. ದಂಡ. ಕಾಯಿಲೆ ಇದೆ ಎಂದು ಬೋರ್ಡೇ ಒಪ್ಪಿತ್ತು. ತಕರಾರು ಇದ್ದದ್ದು ಎಲ್ಲಿ, ಯಾವಾಗ ಶುರುವಾಯಿತು ಎಂಬುದಕ್ಕೆ.

ಆಮೇಲೆ ರೆಕಾರ್ಡ್ಸ್ ಆಫೀಸಿಗೆ ಹತ್ತು ರೂಪಾಯಿ ಪೋಸ್ಟಲ್ ಆರ್ಡರ್ ಇಟ್ಟು ಆರ್‌ಟಿಐ ಹಾಕಿದೆ. ‘ಮೆಡಿಕಲ್ ಡಾಕ್ಯುಮೆಂಟ್ಸ್’ ಎಂದಷ್ಟೇ ಬರೆದಿದ್ದಕ್ಕೆ ಕೊನೇ ಪುಟದ ಜೆರಾಕ್ಸ್ ಬಂತು. ಎರಡನೇ ಸಲ ಫಾರ್ಮ್ ನಂಬರ್ ಸಮೇತ ಕೇಳಿದೆ: ಭರ್ತಿಯ ವೈದ್ಯಕೀಯ ಪರೀಕ್ಷೆಯ ಫಾರ್ಮ್ ಎಎಫ್‌ಎಂಎಸ್‌ಎಫ್-2ಎ, ಸೇವೆಯ ನಡುವೆ ಆರೋಗ್ಯದ ದರ್ಜೆ ಗೊತ್ತುಮಾಡುವ ಕೆಟಗರಿ ಬೋರ್ಡಿನ ಎಲ್ಲ ಫಾರ್ಮ್ 15, ಬಿಡುಗಡೆಯ ಫಾರ್ಮ್ 16 ಪೂರ್ತಿ, ಸಿಕ್ ರಿಪೋರ್ಟ್ (ಹುಷಾರಿಲ್ಲದಾಗ ಯೂನಿಟ್ ಡಾಕ್ಟರಿಗೆ ತೋರಿಸಿದ ದಾಖಲೆ) ಸಮೇತ. ಪುಟಕ್ಕೆ ಎರಡು ರೂಪಾಯಿ.

ಒಂದು ಹಾಳೆಯಲ್ಲಿ ಎಡಕ್ಕೆ ಪೋಸ್ಟಿಂಗ್, ಬಲಕ್ಕೆ ಬಿಪಿ ರೀಡಿಂಗ್ ಬರೆದುಕೊಂಡೆ. ಭರ್ತಿಯಲ್ಲಿ 124/80. ಬೋರ್ಡ್ ಹಿಡಿದ ಶುರುವಿನ ತಾರೀಖು ಆಸ್ಪತ್ರೆಗೆ ದಾಖಲಾದ ದಿನ. ಅದಕ್ಕೂ ಹನ್ನೊಂದು ತಿಂಗಳು ಮೊದಲು, ಫೀಲ್ಡ್‌ನಲ್ಲಿ, ಅಂದರೆ ಕಾರ್ಯಾಚರಣೆಯ ಪ್ರದೇಶದಲ್ಲಿ ಇದ್ದಾಗ, ಸಿಕ್ ರಿಪೋರ್ಟಿನಲ್ಲಿ 150/100. ಇಡೀ ಕೇಸು ಆ ಒಂದು ಸಾಲು. ಪರೀಕ್ಷಿಸಿದವರು ಹಳೇ ಕಾಗದ ತಿರುವಿಯೇ ಇರಲಿಲ್ಲ.

ಹಾಗೇ ತೂಕದ್ದೊಂದು ಕಾಲಂ ಮಾಡಿದೆ, ‘ಲೈಫ್‌ಸ್ಟೈಲ್ ಕಾಯಿಲೆ’ ಎಂಬ ವಾದ ಬಂದರೆ ಇರಲಿ ಅಂತ. ಬಂತು, ಕಾಲಂ ತೋರಿಸಿದ ಮೇಲೆ ಮತ್ತೆ ಅದರ ಸುದ್ದಿ ಎತ್ತಲಿಲ್ಲ.

ಕಾನೂನಿಗೆ ಮೂರೇ ಆಧಾರ ಸಾಕಾದವು. ಸುಪ್ರೀಂ ಕೋರ್ಟಿನ ಧರಮ್‌ವೀರ್ ಸಿಂಗ್ ತೀರ್ಪು, 2013: ಭರ್ತಿಯಲ್ಲಿ ಕಾಯಿಲೆ ನಮೂದಾಗಿರದಿದ್ದರೆ ಆಗ ಆರೋಗ್ಯವಾಗಿದ್ದ ಎಂದೇ ಲೆಕ್ಕ, ಅಲ್ಲ ಅನ್ನುವ ಬೋರ್ಡ್ ಕಾರಣ ಬರೆಯಬೇಕು. 2008ರ ವೈದ್ಯಾಧಿಕಾರಿಗಳ ಮಾರ್ಗದರ್ಶಿಯ 43ನೇ ಪ್ಯಾರಾ: ಫೀಲ್ಡ್ ಅಥವಾ ಎತ್ತರದ ಪ್ರದೇಶದಲ್ಲಿ ಕಾಣಿಸಿಕೊಂಡ ಬಿಪಿ ಸೇವೆಯಿಂದ ಉಲ್ಬಣಿಸಿದ್ದು. ರೌಂಡಿಂಗ್‌ಗೆ, ಅಂದರೆ ವೈಕಲ್ಯದ ಪರ್ಸೆಂಟನ್ನು ಮೇಲಿನ ಹಂತಕ್ಕೆ ಏರಿಸಿ ಲೆಕ್ಕ ಹಾಕುವುದಕ್ಕೆ, ರಾಮ್ ಅವತಾರ್ ತೀರ್ಪು, 2014. ಇಪ್ಪತ್ತು ತೀರ್ಪು ಪೇರಿಸಿದರೆ ಓದುವವರಿಗೂ ಬೇಸರ.

ಸೆಕೆಂಡ್ ಅಪೀಲಿಗೂ ಸಿದ್ಧ ವಾಕ್ಯಗಳ ನಿರಾಕರಣೆಯ ಉತ್ತರವೇ. ಉಳಿದದ್ದು ಎಎಫ್‌ಟಿ, ಅಂದರೆ ಸೇನೆಯವರ ಟ್ರಿಬ್ಯೂನಲ್; ಕರ್ನಾಟಕಕ್ಕೆ ಅದರ ಕೊಚ್ಚಿ ಪೀಠ. ಗೆದ್ದದ್ದು ಅಲ್ಲೇ. ವಕೀಲರಿಗೆ ಸುಮಾರು 30,000, ಎರಡು ಓಡಾಟಕ್ಕೆ ಐದು ಸಾವಿರ ಇರಬೇಕು.

ಸಿಕ್ಕಿದ್ದು: ಲೆಕ್ಕಕ್ಕೆ ಹಿಡಿಯುವ ಕೊನೆ ಸಂಬಳ 40,000ದ ಆಸುಪಾಸು. ನೂರು ಪರ್ಸೆಂಟಿಗೆ ಅದರ ಶೇ. 30, ಅಂದರೆ 12,000. ನನ್ನ 30 ಪರ್ಸೆಂಟಿಗೆ 3,600. ರೌಂಡಿಂಗ್ ಆಗಿ 50 ಆದದ್ದರಿಂದ ತಿಂಗಳಿಗೆ 6,000, ಮೇಲೆ ಡಿಆರ್ (ಪಿಂಚಣಿಯ ತುಟ್ಟಿ ಪರಿಹಾರ). ಬಾಕಿ ಮೂರು ವರ್ಷದ್ದು ಬಂತು.

2023ರ ಸೆಪ್ಟೆಂಬರ್ 21ರ ನಂತರ ಹೊರಬಂದವರಿಗೆ ಹೊಸ ನಿಯಮಾವಳಿ, ಮಾರ್ಗದರ್ಶಿಯೂ ಹೊಸತು. ಅವರು ನನ್ನ 43ನೇ ಪ್ಯಾರಾವನ್ನು ಹಾಗೇ ಎತ್ತಿ ಬರೆಯಬೇಡಿ.