ಮೂರೆಲೆ ಬಲ್ಲವರಿಗೆ ಪೋಕರ್ ಕಲಿಸುವುದು ಹೇಗೆ?

ಆಟಿಯ ಮಳೆಗೆ ಚಾವಡಿಯಲ್ಲಿ ಇಸ್ಪೀಟು ಹಿಡಿದು ಕೂರುವವರಿಗೆ ಪೋಕರ್ ಕಷ್ಟದ ಆಟವಲ್ಲ. ಎಡವುವುದೆಲ್ಲ ಮೂರೆಲೆಯ (ತೀನ್ ಪತ್ತಿ) ಅಭ್ಯಾಸವನ್ನು ಇಲ್ಲಿಗೂ ತರುವುದರಿಂದ. ಹೆಚ್ಚು ಜನ ಆಡುವ ಟೆಕ್ಸಸ್ ಹೋಲ್ಡೆಮ್ ಬಗೆಯನ್ನೇ ಕಲಿಯಿರಿ, ಹಣವಿಲ್ಲದೆ ಕಲಿಯಿರಿ. ದುಡ್ಡು ಕಟ್ಟಿ ಆಡುವ ಆ್ಯಪ್‌ಗಳ ಹತ್ತಿರ ಹೋಗಬೇಡಿ. 2025ರ ಆನ್‌ಲೈನ್ ಗೇಮಿಂಗ್ ಕಾಯ್ದೆ ಅವನ್ನು ನಿಷೇಧಿಸಿದೆ.

ಎಲೆ, ಕಾಯಿ

ಜೋಕರ್ ತೆಗೆದು 52 ಎಲೆ. ಪೂರ್ತಿ ಪ್ಲಾಸ್ಟಿಕ್‌ನದ್ದನ್ನೇ ತನ್ನಿ. ‘ಪ್ಲಾಸ್ಟಿಕ್ ಕೋಟೆಡ್’ ಎಂದು ಬರೆದಿರುವುದು ಒಳಗೆ ಕಾಗದವೇ. ನಮ್ಮ ಕರಾವಳಿಯ ತೇವಕ್ಕೆ ಉಬ್ಬಿ ಒಂದಕ್ಕೊಂದು ಅಂಟುತ್ತದೆ. ಮೂಲೆ ಮಡಿಚಿದ ಎಕ್ಕ ಬೆನ್ನಿನಿಂದಲೇ ಗುರುತು ಸಿಗುತ್ತದೆ. ಪೌಡರ್ ಉದುರಿಸುವ ಉಪಾಯ ಬೇಡ, ಮೆತ್ತಿಕೊಳ್ಳುತ್ತದೆ.

ಚಿಪ್ಸ್‌ಗೆ ಖರ್ಚು ಮಾಡಬೇಕಿಲ್ಲ. ಚೆನ್ನೆಮಣೆಯ 14 ಗುಳಿಗೆ ನಾಲ್ಕರಂತೆ 56 ಕಾಯಿ ಇರುತ್ತದೆ. ಆರು ಜನರಿಗೆ ತಲಾ ಒಂಬತ್ತು ಕಾಯಿ, ಒಂದರ ಬೆಲೆ 10. ಜತೆಗೆ ತಲಾ 30 ಹುಣಸೆಬೀಜ, ಒಂದರ ಬೆಲೆ 1. ಒಬ್ಬೊಬ್ಬರ ಮುಂದೆ 120 ಆಯಿತು.

ಹಂಚುವುದು

ಹಂಚುವವರ ಎಡಕ್ಕೆ ಕೂತವರು 1, ಅವರ ಪಕ್ಕದವರು 2 ಬೀಜವನ್ನು ಎಲೆ ನೋಡುವ ಮೊದಲೇ ಇಡಬೇಕು. ಇವೇ ಸ್ಮಾಲ್ ಬ್ಲೈಂಡ್, ಬಿಗ್ ಬ್ಲೈಂಡ್. ಮೂರೆಲೆಯಲ್ಲಿ ‘ಬ್ಲೈಂಡ್ ಆಡುವುದು’ ಬೇರೆ. ಎಲೆ ನೋಡಿದವರು ದುಪ್ಪಟ್ಟು ಹಾಕಬೇಕೆಂಬ ನಿಯಮ ಇಲ್ಲಿಲ್ಲ. ಎಲ್ಲರಿಗೂ ಎರಡೆರಡು ಎಲೆ, ಒಂದು ಸುತ್ತು ಪಂಥ. ನೆಲಕ್ಕೆ ಮೂರು ಎಲೆ (ಫ್ಲಾಪ್), ಮತ್ತೆ ಪಂಥ. ಇನ್ನೊಂದು (ಟರ್ನ್), ಪಂಥ. ಕೊನೆಯದು (ರಿವರ್), ಪಂಥ. ಪ್ರತಿ ಸಲ ನೆಲಕ್ಕೆ ಹಾಕುವ ಮೊದಲು ಮೇಲಿನ ಒಂದು ಎಲೆಯನ್ನು ಮುಚ್ಚಿ ಬದಿಗಿಡಿ.

ಯಾವುದು ದೊಡ್ಡದು

ಕೈಯ ಎರಡು, ನೆಲದ ಐದು, ಒಟ್ಟು ಏಳರಲ್ಲಿ ಅತ್ಯುತ್ತಮ ಐದೇ ನಿಮ್ಮ ಆಟ. ಕೈಯ ಎಲೆ ಒಂದೂ ಬಳಸದೆ ನೆಲದ ಐದೇ ಎಲ್ಲರಿಗೂ ಉತ್ತಮವಾದರೆ ಪಾಟ್ (ಎಲ್ಲರೂ ಹಾಕಿ ನಡುವೆ ಕೂಡಿದ್ದು) ಸಮ ಪಾಲು.

ದೊಡ್ಡದರಿಂದ ಚಿಕ್ಕದಕ್ಕೆ: ಸ್ಟ್ರೇಟ್ ಫ್ಲಶ್ (ಒಂದೇ ಬಣ್ಣದ ಸಾಲು; ಬಣ್ಣ ಎಂದರೆ ಕೆಂಪು ಕಪ್ಪಲ್ಲ, ಆಟಿನ್, ಡೈಮನ್, ಕಳಾವರ್, ಇಸ್ಪೀಟು ಎಂಬ ಜಾತಿ), ಒಂದೇ ಬೆಲೆಯ ನಾಲ್ಕು, ಫುಲ್ ಹೌಸ್ (ಮೂರು ಒಂದು, ಎರಡು ಇನ್ನೊಂದು), ಫ್ಲಶ್ (ಐದೂ ಒಂದೇ ಬಣ್ಣ), ಸ್ಟ್ರೇಟ್ (ಸಾಲು), ಒಂದೇ ಬೆಲೆಯ ಮೂರು, ಎರಡು ಜೋಡಿ, ಒಂದು ಜೋಡಿ, ಬರೀ ದೊಡ್ಡ ಎಲೆ.

ಮೂರೆಲೆಯವರಿಗೆ ಗೊಂದಲವಾಗುವುದು ಇಲ್ಲೇ. ಅಲ್ಲಿ ಸಾಲು ಬಣ್ಣಕ್ಕಿಂತ ದೊಡ್ಡದು, ಇಲ್ಲಿ ಬಣ್ಣವೇ ದೊಡ್ಡದು. ಕಾರಣ ಎಣಿಕೆಯಲ್ಲಿದೆ. ಮೂರು ಎಲೆಯಲ್ಲಿ ಸಾಲು 720 ಬಗೆ, ಬಣ್ಣ 1,096 ಬಗೆ. ಐದು ಎಲೆಯಲ್ಲಿ ಸಾಲು 10,200 ಬಗೆ, ಬಣ್ಣ 5,108 ಮಾತ್ರ. ಅಪರೂಪದ್ದೇ ದೊಡ್ಡದು. ಮೂರೆಲೆಯಲ್ಲಿ ಎಲ್ಲವನ್ನೂ ಮೀರಿಸುವ ಟ್ರಯಲ್ (ಒಂದೇ ಬೆಲೆಯ ಮೂರು) ಕೂಡ ಇಲ್ಲಿ ಸಾಲಿನ ಕೆಳಗೆ. ಎಕ್ಕ-2-3-4-5 ಅತಿ ಚಿಕ್ಕ ಸಾಲು. ಇಪ್ಪತ್ತೆಂಟು ಎಂಬ ಇಸ್ಪೀಟಾಟ ಆಡುವವರು ಗುಲಾಮನನ್ನು ಮೇಲಿಟ್ಟು ಲೆಕ್ಕ ಹಾಕುವುದನ್ನು ಇಲ್ಲಿ ಮರೆಯಬೇಕು. ಬಣ್ಣಗಳಲ್ಲಿ ಮೇಲು ಕೀಳಿಲ್ಲ.

ಕಾಲ್ ಮಾಡಬೇಕೇ, ಪ್ಯಾಕ್ ಮಾಡಬೇಕೇ

ಹೊಸಬರ ಕಾಯಿ ಖಾಲಿಯಾಗುವುದು ಇಲ್ಲಿ. ‘ಇನ್ನೊಂದೇ ಎಲೆ ಬಂದರೆ ಸಾಕು’ ಎಂದು ಎಷ್ಟು ಕೇಳಿದರೂ ಹಾಕುತ್ತಾರೆ. ಕೇಳಿದಷ್ಟು ಹಾಕುವುದು ಕಾಲ್, ಎಲೆ ಎಸೆದು ಹೊರಬರುವುದು ಪ್ಯಾಕ್. ಹಾಕುವ ಮೊದಲು ಲೆಕ್ಕ ಮಾಡಿ.

ಕೈಯಲ್ಲಿ ಆಟಿನ್ ಎಂಟು, ಏಳು. ನೆಲದಲ್ಲಿ ಆಟಿನ್ ರಾಜ, ಆಟಿನ್ ಎರಡು, ಕಳಾವರ್ ಗುಲಾಮ, ಡೈಮನ್ ನಾಲ್ಕು. ಇನ್ನೊಂದು ಆಟಿನ್ ಬಂದರೆ ಫ್ಲಶ್. 13ರಲ್ಲಿ ನಾಲ್ಕು ಕಂಡಿವೆ, ಉಳಿದದ್ದು 9. ನೀವು ಕಾಣದ ಎಲೆ 46. ಅಂದರೆ 46ರಲ್ಲಿ 9, ಸುಮಾರು ಶೇ 20. ಆಡುವಾಗ ಭಾಗಿಸಲು ಆಗದು. ಬರಬೇಕಾದ ಎಲೆಗಳನ್ನು ಎರಡರಿಂದ ಗುಣಿಸಿ, ಶೇ 18 ಎಂದು ಸಿಗುತ್ತದೆ, ಅದು ಸಾಕು.

ಈಗ ಪಾಟ್ ನೋಡಿ. ಅದರಲ್ಲಿ 40 ಇದೆ, ಎದುರಿನವರು 20 ಇಟ್ಟರು. ನೀವೂ 20 ಹಾಕಿದರೆ ಒಟ್ಟು 80. ನಿಮ್ಮ ಪಾಲು 80ರಲ್ಲಿ 20, ಅಂದರೆ ಶೇ 25. ಸಾಧ್ಯತೆ ಶೇ 20. ಪ್ಯಾಕ್ ಮಾಡಿ. ಅವರು 10 ಮಾತ್ರ ಇಟ್ಟಿದ್ದರೆ ಒಟ್ಟು 60ರಲ್ಲಿ ನಿಮ್ಮದು 10, ಶೇ 17ರ ಹತ್ತಿರ. ಕಾಲ್ ಮಾಡಿ. ಎಲೆ ಅದೇ, ಬೆಲೆ ಬದಲಾದಾಗ ಉತ್ತರ ಬದಲಾಯಿತು. ನೀವು ಕಾಯುತ್ತಿರುವ ಫ್ಲಶ್‌ನಲ್ಲಿ ನಿಮ್ಮ ಕೈಯ ದೊಡ್ಡ ಎಲೆ ಎಂಟು ಮಾತ್ರ ಎಂಬುದೂ ನೆನಪಿರಲಿ. ಅವರ ಕೈಯಲ್ಲಿ ಎರಡು ದೊಡ್ಡ ಆಟಿನ್ ಇದ್ದರೆ ನಿಮ್ಮ ಫ್ಲಶ್ ಬಂದರೂ ಸೋಲುತ್ತದೆ.

ಆರಂಭದ ಕೈ

ಮೊದಲು ಆಡಬೇಕಾದವರು ಎಂಟರ ಜೋಡಿ ಮತ್ತು ಮೇಲಿನವು, ಎಕ್ಕ-ರಾಜ, ಎಕ್ಕ-ರಾಣಿ ಬಿಟ್ಟು ಉಳಿದದ್ದನ್ನು ಎಸೆಯಲಿ. ಹಂಚುವವರ ಸ್ಥಾನದಲ್ಲಿದ್ದರೆ ಫ್ಲಾಪ್ ನಂತರ ಎಲ್ಲರನ್ನೂ ನೋಡಿ ಕೊನೆಗೆ ಆಡುವ ಅನುಕೂಲವಿದೆ, ಅಲ್ಲಿ ಕೊಂಚ ಸಡಿಲ ಬಿಡಬಹುದು. ಎಕ್ಕ ಇದೆ ಎಂಬ ಕಾರಣಕ್ಕೆ ಎಕ್ಕ-ನಾಲ್ಕು ಹಿಡಿದು ಕೂರಬೇಡಿ.

ಕಾಯಿ ಮುಗಿದವರಿದ್ದರೆ

ಜಗಳ ಬರುವುದು ಇಲ್ಲಿ. ಒಬ್ಬರ ಬಳಿ 30 ಮಾತ್ರ ಇದೆ, ಉಳಿದಿಬ್ಬರು 50 ಹಾಕಿದ್ದಾರೆ. ಮೂವರಿಂದ 30ರಂತೆ 90 ಒಂದು ಗುಂಪು, ಇಬ್ಬರ ಉಳಿದ 20ರಂತೆ 40 ಇನ್ನೊಂದು ಗುಂಪು. 30 ಹಾಕಿದವರು ಗೆದ್ದರೆ 90 ಮಾತ್ರ ಅವರದ್ದು. 40 ಉಳಿದಿಬ್ಬರಲ್ಲಿ ದೊಡ್ಡ ಎಲೆಯವರಿಗೆ. ಎಲೆ ತೆರೆಯುವ ಮೊದಲೇ ಎರಡು ಗುಂಪು ಬೇರೆ ಮಾಡಿಡಿ.