ಕೊರಿಯಾದಲ್ಲಿ ಯಾರು ಒಪ್ಪಾ, ಯಾರು ಅಲ್ಲ

ಕೊರಿಯಾಕ್ಕೆ ಬಂದಿಳಿಯುವ ನಮ್ಮ ಹುಡುಗಿಯರಿಗೆ ಒಂದು ಕೊರಿಯನ್ ಪದ ಮೊದಲೇ ಗೊತ್ತಿರುತ್ತದೆ: ಒಪ್ಪಾ. ಬೆಂಗಳೂರಿನ ಆಫೀಸಿನಿಂದ ಸುವೋನ್‌ಗೆ ಬಂದವರಿರಲಿ, ದೇಜಾನ್‌ನಲ್ಲಿ ಪಿಎಚ್‌ಡಿಗೆ ಸೇರಿದವರಿರಲಿ, ಡ್ರಾಮಾ ನೋಡಿ ಕಲಿತೇ ಬಂದಿರುತ್ತಾರೆ. ಒಪ್ಪಾ ಅಂದರೆ ಹುಡುಗಿಯರ ಬಾಯಲ್ಲಿ ಅಣ್ಣ. ಅರ್ಥವೇನೋ ಸರಿ, ಆದರೆ ಅಣ್ಣ ಅಂದ ಹಾಗೆ ಅದನ್ನು ಎಲ್ಲರಿಗೂ ಅನ್ನುವ ಹಾಗಿಲ್ಲ.

ನಮ್ಮಲ್ಲಿ ಅಣ್ಣ ಅನ್ನೋದು ಸೇಫ್ ಪದ. ಆಟೋದವರೂ ಅಣ್ಣ, ತರಕಾರಿಯವರೂ ಅಣ್ಣ. ಕಾಲೇಜಿನಲ್ಲಿ ಹಿಂದೆ ಬಿದ್ದ ಹುಡುಗನನ್ನು ಒಮ್ಮೆ 'ಅಣ್ಣಾ' ಅಂದುಬಿಟ್ಟರೆ ಅವನ ಕಥೆ ಅಲ್ಲಿಗೇ ಮುಗಿಯಿತು. ಒಪ್ಪಾ ಇದಕ್ಕೆ ಉಲ್ಟಾ. ಅದು ಗೌರವದ ಪದಕ್ಕಿಂತ ಜಾಸ್ತಿ ಸಲಿಗೆಯ ಪದ. ಒಡಹುಟ್ಟಿದ ಅಣ್ಣನಿಗೂ ಒಪ್ಪಾ, ಆಪ್ತ ಗೆಳೆಯನಿಗೂ ಒಪ್ಪಾ, ಬಾಯ್‌ಫ್ರೆಂಡ್‌ಗೂ ಒಪ್ಪಾ, ಎಷ್ಟೋ ಮನೆಗಳಲ್ಲಿ ಗಂಡನಿಗೂ ಒಪ್ಪಾ. ಗಂಡನನ್ನು ಹಾಗೆ ಕರೆಯೋದು ಅಲ್ಲಿನ ಹಿರಿಯರಲ್ಲೂ ಕೆಲವರಿಗೆ ಹಿಡಿಸುವುದಿಲ್ಲ. ಮಗುವಾದ ಮೇಲೆ ಎಷ್ಟೋ ಹೆಂಗಸರು ಮಗುವಿನ ಹೆಸರಿಗೆ 'ಅಪ್ಪಾ' ಸೇರಿಸಿ ಗಂಡನನ್ನು ಕರೆಯುತ್ತಾರೆ. ಹೌದು, ಕೊರಿಯನ್‌ನಲ್ಲೂ ಅಪ್ಪ ಅಂದರೆ ಅಪ್ಪನೇ.

ಒಂದೇ ಪದ ಇಷ್ಟು ಕೆಲಸ ಮಾಡುವಾಗ ಗೊಂದಲ ಆಗಬಾರದು ಅಂತ ಅವರೇ ಮುಂದೆ ಒಂದೊಂದು ಪದ ಅಂಟಿಸುತ್ತಾರೆ. ಚಿನ್ ಒಪ್ಪಾ ಅಂದರೆ ಸ್ವಂತ ಅಣ್ಣ. ಸಾಚೋನ್ ಒಪ್ಪಾ ಅಂದರೆ ದೊಡ್ಡಪ್ಪ, ಚಿಕ್ಕಪ್ಪ, ಅತ್ತೆ, ಸೋದರಮಾವ ಇವರಲ್ಲಿ ಯಾರ ಮಗನಾದರೂ ಆಗಬಹುದು. ಆನುನ್ ಒಪ್ಪಾ ಅಂದರೆ 'ಪರಿಚಯದ ಒಪ್ಪಾ'. ಈ ಮೂರನೆಯವನ ಬಗ್ಗೆ ಬಾಯ್‌ಫ್ರೆಂಡ್‌ಗಳಿಗೆ ಯಾವಾಗಲೂ ಅನುಮಾನ, ಅದು ಅಲ್ಲಿನ ಹಳೇ ಜೋಕು.

ಸಾಚೋನ್ ಒಪ್ಪಾ ವಿಷಯ ಬಂತಲ್ಲ, ಒಂದು ಮಾತು ಹೇಳಿಬಿಡುತ್ತೇನೆ. ಸೋದರಮಾವನನ್ನೋ ಅತ್ತೆಯ ಮಗನನ್ನೋ ಮದುವೆಯಾಗುವ ನಮ್ಮ ಕಡೆಯ ಪದ್ಧತಿಯನ್ನು ಆಫೀಸಿನ ಊಟದ ಮೇಜಿನಲ್ಲಿ ಸುಮ್ನೆ ಹೇಳಲು ಹೋಗಬೇಡಿ. ಕೊರಿಯಾದ ಸಿವಿಲ್ ಕಾನೂನಿನ 809ನೇ ವಿಧಿ ಎಂಟು 'ಚೋನ್' ಒಳಗಿನ ರಕ್ತಸಂಬಂಧಿಗಳ ಮದುವೆಯನ್ನು ಒಪ್ಪುವುದಿಲ್ಲ. ಚೋನ್ ಅನ್ನೋದು ಸಂಬಂಧದ ದೂರ ಎಣಿಸುವ ಲೆಕ್ಕ. ಸೋದರಮಾವ ಮೂರು ಚೋನ್, ಅವನ ಮಗ ನಾಲ್ಕು. 2022ರಲ್ಲಿ ಅಲ್ಲಿನ ಸಂವಿಧಾನ ನ್ಯಾಯಾಲಯವೂ ಈ ನಿಷೇಧವನ್ನು ಎತ್ತಿಹಿಡಿಯಿತು. ನೀವು ನಮ್ಮ ಪದ್ಧತಿ ಹೇಳಿದರೆ ಮೇಜು ಪೂರ್ತಿ ತಣ್ಣಗಾಗುತ್ತದೆ. ಅವರಿಗೆ ಅತ್ತೆ ಮಗನೂ ಅಣ್ಣನೇ, 'ಭಾವ' ಅನ್ನೋ ಬೇರೆ ಲೆಕ್ಕವೇ ಇಲ್ಲ.

ಇಷ್ಟಕ್ಕೂ ಕರೆಯುವ ಪದದ ಬಗ್ಗೆ ಇಷ್ಟು ತಲೆ ಯಾಕೆ ಕೆಡಿಸಿಕೊಳ್ಳಬೇಕು, 'ನೀವು' ಅಂದರೆ ಸಾಲದೇ? ಸಾಲದು. ಎಲ್ಲರಿಗೂ ಹೊಂದುವ 'ನೀವು' ಅವರ ಮಾತಿನಲ್ಲಿ ಇಲ್ಲ. ಪುಸ್ತಕದಲ್ಲಿ 'ತಂಗ್‌ಶಿನ್' ಅಂತ ಸಿಗುತ್ತದೆ. ಅದನ್ನು ಗಂಡ ಹೆಂಡತಿ ಬಳಸುತ್ತಾರೆ, ಇಲ್ಲವೇ ರಸ್ತೆಯಲ್ಲಿ ಜಗಳ ಆಡುವವರು ಬಳಸುತ್ತಾರೆ. ಹಾಗಾಗಿ 'ನೀವು ಊಟ ಮಾಡಿದ್ರಾ' ಅನ್ನುವ ಕಡೆ 'ಮ್ಯಾನೇಜರ್ ಊಟ ಮಾಡಿದ್ರಾ', 'ಒಪ್ಪಾ ಊಟ ಮಾಡಿದ್ಯಾ' ಅಂತಲೇ ಹೇಳಬೇಕು. ಪದ ಆರಿಸದೆ ಬಾಯಿ ತೆರೆಯುವ ಹಾಗೇ ಇಲ್ಲ. ಪರಿಚಯ ಆದ ಐದೇ ನಿಮಿಷಕ್ಕೆ ಅವರು ನಿಮ್ಮ ಹುಟ್ಟಿದ ವರ್ಷ ಕೇಳೋದು ಇದಕ್ಕೇ, ಬೇರೇನೂ ಅಲ್ಲ. ಬೇಜಾರು ಮಾಡಿಕೊಳ್ಳಬೇಡಿ.

ವಯಸ್ಸಲ್ಲ, ವರ್ಷವನ್ನೇ ಹೇಳಿ. ಹುಟ್ಟಿದ ಕೂಡಲೇ ಒಂದು ವರ್ಷ, ಪ್ರತಿ ಜನವರಿ ಒಂದಕ್ಕೆ ಇನ್ನೊಂದು ಅಂತ ಎಣಿಸುವ ಹಳೆಯ ಲೆಕ್ಕವನ್ನು ಬಿಟ್ಟು, 2023ರ ಜೂನ್ 28ರಿಂದ ಹೆಚ್ಚಿನ ಸರ್ಕಾರಿ ಕೆಲಸಕ್ಕೆ ನಮ್ಮಂತೆಯೇ ಲೆಕ್ಕ ಹಾಕುತ್ತಾರೆ. ಆದರೂ ಯಾರು ದೊಡ್ಡವರು ಯಾರು ಚಿಕ್ಕವರು ಅನ್ನೋದನ್ನು ಜನ ಹುಟ್ಟಿದ ವರ್ಷದಿಂದಲೇ ನೋಡುತ್ತಾರೆ. ಒಂದೇ ವರ್ಷದವರು ತೋಂಗಾಪ್, ಅಂದರೆ ಸಮವಯಸ್ಕರು. ಅವನು ಒಂದು ವರ್ಷ ಹಿಂದೆ ಹುಟ್ಟಿದ್ದರೂ ಸಾಕು, ಸಲಿಗೆ ಬೆಳೆದ ಮೇಲೆ ಒಪ್ಪಾ ಆಗಬಹುದು.

ಆದರೆ ಅದು ಸಲಿಗೆ ಬೆಳೆದ ಮೇಲೆ. ಅಲ್ಲಿಯವರೆಗೆ ಏನು ಅನ್ನಬೇಕು ಅಂದರೆ:

ಆಫೀಸಿನಲ್ಲಿ ಹುದ್ದೆಗೆ 'ನಿಮ್' ಅನ್ನೋ ಮರ್ಯಾದೆಯ ಬಾಲ ಸೇರಿಸಿ. ಟೀಮ್‌ಜಂಗ್‌ನಿಮ್ (ಟೀಮ್ ಲೀಡರ್), ಕ್ವಾಜಂಗ್‌ನಿಮ್ (ಮ್ಯಾನೇಜರ್), ಪೂಜಂಗ್‌ನಿಮ್ (ವಿಭಾಗದ ಮುಖ್ಯಸ್ಥ). ಕೆಲವು ಕಂಪನಿಗಳಲ್ಲಿ ಹುದ್ದೆ ಬಿಟ್ಟು ಹೆಸರಿಗೇ ನಿಮ್ ಹಚ್ಚುತ್ತಾರೆ. ಸಿಜೆ ಕಂಪನಿ 2000ದಲ್ಲೇ ಇದನ್ನು ಶುರು ಮಾಡಿತು. ಕಾಕಾವೋ ಕಂಪನಿಯಲ್ಲಂತೂ ಇಂಗ್ಲಿಷ್ ಹೆಸರಿಟ್ಟುಕೊಂಡು ಕರೆಯುವ ರೂಢಿ ಬಂದಿತ್ತು. ನಿಮ್ಮ ಆಫೀಸಿನ ರೂಢಿ ಏನು ಅಂತ ಮೊದಲ ದಿನವೇ ಪಕ್ಕದವರನ್ನು ಕೇಳಿಬಿಡಿ. 'ಶಿ' ಅನ್ನೋ ಇನ್ನೊಂದು ಬಾಲ ಇದೆ. ಅದು ಸಮಾನರಿಗೆ, ಕಿರಿಯರಿಗೆ. ಮೇಲಿನವರಿಗೆ ಹಾಕಬೇಡಿ. ಬರೀ ಮನೆತನದ ಹೆಸರಿಗೆ ಹಚ್ಚಿ 'ಕಿಮ್ ಶಿ' ಅಂದರಂತೂ ಕೂಲಿಯವನನ್ನು ಕೂಗಿದಂತೆ ಕೇಳುತ್ತದೆ. ಪೂರ್ತಿ ಹೆಸರು ಬೇಕು, ಇಲ್ಲವೇ ಅವರ ಸ್ವಂತ ಹೆಸರು.

ಆಫೀಸಿನೊಳಗೆ ಒಪ್ಪಾ ಬೇಡವೇ ಬೇಡ. ನಿಜವಾಗಿಯೂ ಆಪ್ತನಾಗಿದ್ದರೂ ಬೇಡ. ನಾಲ್ಕು ಜನರ ಮುಂದೆ ಒಬ್ಬ ಸೀನಿಯರನ್ನು ಒಪ್ಪಾ ಅಂದರೆ ಇಬ್ಬರ ನಡುವೆ ಏನೋ ಇದೆ ಅಂತಲೇ ಜನ ತಿಳಿಯುತ್ತಾರೆ.

ಕಾಲೇಜಿನಲ್ಲಿ, ಲ್ಯಾಬಿನಲ್ಲಿ ಸೊನ್‌ಬೇ. ನಮ್ಮ ಸೀನಿಯರ್ ಇದ್ದ ಹಾಗೆ. ಇದು ಸೇರಿದ ವರ್ಷದ ಮೇಲೆ ನಿಂತಿದೆ. ಶುರುವಿನಲ್ಲಿ ಸೊನ್‌ಬೇನಿಮ್ ಅಂದರೆ ಇನ್ನೂ ಒಳ್ಳೆಯದು. ಲ್ಯಾಬಿನವರೆಲ್ಲ ಒಟ್ಟಿಗೆ ಎರಡು ಸಲ ಊಟಕ್ಕೆ ಹೋಗಿ ಬಂದ ಮೇಲೆ ಯಾರೋ ಒಬ್ಬರು 'ಸೊನ್‌ಬೇ ಯಾಕೆ, ಒಪ್ಪಾ ಅನ್ನು' ಅನ್ನಬಹುದು. ಬೇರೆ ಕೊರಿಯನ್ ಹುಡುಗಿಯರು ಅವನನ್ನು ಏನಂತಾರೆ ನೋಡಿ. ಅವರೂ ಸೊನ್‌ಬೇ ಅಂತಲೇ ಅನ್ನುತ್ತಿದ್ದರೆ ನಿಮಗೂ ಅದೇ ಸಾಕು. ಅಂದಹಾಗೆ, 1980ರ ದಶಕದ ವಿದ್ಯಾರ್ಥಿ ಚಳವಳಿಯ ಕಾಲದಲ್ಲಿ ಹುಡುಗಿಯರು ಹಿರಿಯ ಹುಡುಗರನ್ನು 'ಹ್ಯೊಂಗ್' ಅಂತ ಕರೆಯುತ್ತಿದ್ದರು. ಅದು ತಮ್ಮಂದಿರು ಅಣ್ಣನಿಗೆ ಅನ್ನುವ ಪದ. ಆ ವಯಸ್ಸಿನ ಪ್ರೊಫೆಸರಮ್ಮಂದಿರ ಬಾಯಲ್ಲಿ ಅದು ಈಗಲೂ ಕೇಳಿಬಂದರೆ ಗಾಬರಿಯಾಗಬೇಡಿ.

ರಸ್ತೆಯಲ್ಲಿ ಸಿಗುವ ಗಂಡಸರಿಗೆ? ಪಠ್ಯಪುಸ್ತಕ ಅಜೊಶ್ಶಿ ಅನ್ನುತ್ತದೆ. ನಾನು ಆದಷ್ಟು ತಪ್ಪಿಸುತ್ತೇನೆ. ಮೂವತ್ತೈದರ ಗಂಡಸಿಗೆ ಅಂಕಲ್ ಅಂದರೆ ನಮ್ಮೂರಲ್ಲಿ ಮುಖ ಹೇಗಾಗುತ್ತದೋ ಅಲ್ಲೂ ಹಾಗೇ. ಟ್ಯಾಕ್ಸಿಯವರಿಗೆ ಕಿಸಾನಿಮ್, ಅಂಗಡಿ ಹೋಟೆಲಿನವರಿಗೆ ಸಾಜಂಗ್‌ನಿಮ್. ಯಾವುದಕ್ಕೂ ಸೇರದ ಅಪರಿಚಿತರಿಗೆ ಸೊನ್‌ಸೆಂಗ್‌ನಿಮ್, ಅಂದರೆ ಮೇಷ್ಟ್ರೇ. ಬರೀ ಗಮನ ಸೆಳೆಯಬೇಕಾದರೆ 'ಜೊಗಿಯೊ' ಸಾಕು.

ಅವರು ನಿಮ್ಮನ್ನು ಹೇಗೆ ಕರೆಯುತ್ತಾರೆ ಅನ್ನೋದನ್ನೂ ಗಮನಿಸಿ. 'ಕಾವ್ಯ ಶಿ' ಅಂದರೆ ಬಹುವಚನ, ಮರ್ಯಾದೆ ಇದೆ. 'ಕಾವ್ಯಾಯಾ' ಅಂತ ಕೊನೆಗೆ 'ಯಾ' ಬಂತು ಅಂದರೆ ಏಕವಚನಕ್ಕೆ ಇಳಿದ ಹಾಗೆ. ಆ ಮಾತಿಗೆ ಪಾನ್‌ಮಲ್ ಅನ್ನುತ್ತಾರೆ. ನಿಮ್ಮನ್ನು ಕೇಳಿ ಇಳಿದರೆ ಸರಿ. ಮೊದಲ ದಿನವೇ ತಾನಾಗಿ ಇಳಿದವನಿಗೆ ನೀವು ಬಹುವಚನದಲ್ಲೇ ಮಾತಾಡುತ್ತಾ ಇರಿ, ಒಪ್ಪಾ ಅನ್ನಬೇಡಿ. ಸ್ವಲ್ಪ ಸೂಕ್ಷ್ಮ ಇದ್ದವನಿಗೆ ಅಷ್ಟೇ ಸಾಕು, ಅರ್ಥವಾಗುತ್ತದೆ.

ಎಲ್ಲರಿಗೂ ಅರ್ಥವಾಗುವುದಿಲ್ಲ. ಹೋಯ್‌ಶಿಕ್ ಅಂತ ಆಫೀಸಿನವರು ಸಂಜೆ ಒಟ್ಟಿಗೆ ಊಟಕ್ಕೆ, ಕುಡಿಯೋದಕ್ಕೆ ಹೋಗುತ್ತಾರೆ. ಅಲ್ಲಿ ಐವತ್ತರ ಗಂಡಸೊಬ್ಬ ಗ್ಲಾಸು ಎತ್ತಿ 'ನನ್ನನ್ನ ಒಪ್ಪಾ ಅನ್ನು ನೋಡೋಣ' ಅಂದರೆ ಅದು ತಮಾಷೆ ಅಲ್ಲ. ಕೊರಿಯನ್ ಹುಡುಗಿಯರಿಗೂ ಅದು ತಮಾಷೆ ಅಲ್ಲ. ನಕ್ಕು 'ಪೂಜಂಗ್‌ನಿಮ್' ಅಂತಲೇ ಕರೆದು ಜಾಗ ಬದಲಿಸಿ. ಮತ್ತೆ ಮತ್ತೆ ಆದರೆ ತಾರೀಕು, ಜಾಗ, ಯಾರಿದ್ದರು ಎಲ್ಲ ಬರೆದಿಡಿ. ಲೈಂಗಿಕ ಕಿರುಕುಳ ತಡೆಯುವ ತರಬೇತಿಯನ್ನು ಪ್ರತಿ ವರ್ಷ ಕೊಡಬೇಕು ಅಂತ ಅಲ್ಲಿನ ಕಾನೂನೇ ಹೇಳುತ್ತದೆ, ಹಾಗಾಗಿ ಈ ಮಾತು ಎತ್ತಿದರೆ ಕಂಪನಿಯವರಿಗೆ ಹೊಸದೇನೂ ಅಲ್ಲ. ಹೆಂಗಸರ ಸಹಾಯವಾಣಿ 1366 ದಿನವಿಡೀ ಇರುತ್ತದೆ. 1577-1366ಕ್ಕೆ ಮಾಡಿದರೆ ಇಂಗ್ಲಿಷ್‌ನಲ್ಲೂ ಮಾತಾಡಬಹುದು.

ನಮ್ಮ ಹುಡುಗರಿಗೂ ಎರಡು ಮಾತು. ಲ್ಯಾಬಿನ ಕಿರಿಯ ಹುಡುಗಿ ನಿಮ್ಮನ್ನು ಒಪ್ಪಾ ಅಂದಳು ಅಂತ ಕನಸು ಕಟ್ಟಬೇಡಿ. ಅವಳಿಗೆ ನೀವು ಸುಮ್ನೆ ಪರಿಚಯದ ಹಿರಿಯ ಹುಡುಗ. ಹಾಗೇ, 'ಒಪ್ಪಾ ಅಂತ ಕರೀರಿ' ಅಂತ ನೀವಾಗಿ ಕೇಳಬೇಡಿ. ಅದು ಅವರಾಗಿ ಕೊಡಬೇಕಾದ ಪದ. ನಿಮಗಿಂತ ದೊಡ್ಡ ಹುಡುಗಿಯನ್ನು ಆಪ್ತತೆ ಬೆಳೆದ ಮೇಲೆ ನೂನಾ ಅನ್ನಬಹುದು. ಒನ್ನಿ ಅಂದುಬಿಟ್ಟೀರಿ, ಅದು ಹುಡುಗಿಯರು ಅಕ್ಕನಿಗೆ ಅನ್ನೋದು.

ಕೊರಿಯನ್ ಮನೆಗೆ ಸೊಸೆಯಾಗಿ ಹೋಗುವವರ ಪಾಡೇ ಬೇರೆ. ಅಲ್ಲಿ ಒಪ್ಪಾ ಗಂಡನೊಬ್ಬನಿಗೇ ಸರಿ. ಮಾವನಿಗೆ ಅಬೊನಿಮ್. ಗಂಡನ ಅಣ್ಣನಿಗೆ ಆಜುಬೊನಿಮ್. ಗಂಡನ ತಮ್ಮ ನಿಮಗಿಂತ ಚಿಕ್ಕವನಾದರೂ, ಮದುವೆಯಾಗದಿದ್ದರೆ 'ತೋರ್ಯೊನ್‌ನಿಮ್', ಅಂದರೆ ಚಿಕ್ಕ ಧಣಿ. ಇದು ಅಲ್ಲಿನ ಹೆಂಗಸರಿಗೇ ರೇಗುವ ವಿಷಯ. ಹೆಂಡತಿಯ ತಮ್ಮನನ್ನು ಗಂಡ ಇಷ್ಟು ಮರ್ಯಾದೆಯಿಂದ ಕರೆಯುವುದಿಲ್ಲವಲ್ಲ. 2020ರಲ್ಲಿ ಕೊರಿಯನ್ ಭಾಷೆಯ ರಾಷ್ಟ್ರೀಯ ಸಂಸ್ಥೆಯೇ, ಹೆಸರಿಗೆ 'ಶಿ' ಸೇರಿಸಿ ಕರೆದರೂ ಆಗುತ್ತದೆ ಅಂತ ಸಲಹೆ ಕೊಟ್ಟಿತು. ಅತ್ತೆ ಒಪ್ಪುತ್ತಾರಾ ಅಂತ ಮೊದಲು ಗಂಡನ ಕೈಲಿ ಕೇಳಿಸಿ.

ಏನೂ ತೋಚದಿದ್ದರೆ ಕೇಳುವುದರಲ್ಲಿ ನಾಚಿಕೆ ಇಲ್ಲ. 'ಒತ್ತೊಕೆ ಪುರುಮ್ಯೊನ್ ತ್ವೆಲ್ಕಾಯೊ?' ಅನ್ನಿ, ಅಂದರೆ ಏನಂತ ಕರೀಲಿ? ಕೊರಿಯನ್ನರೇ ಒಬ್ಬರಿಗೊಬ್ಬರು ಕೇಳಿಕೊಳ್ಳುವ ಪ್ರಶ್ನೆ ಇದು. 'ಪ್ಯೊನಾಗೆ', ಅಂದರೆ ನಿಮಗೆ ಅನುಕೂಲವಾದ ಹಾಗೆ ಅಂತ ಉತ್ತರ ಬಂದರೆ ನಂಬಬೇಡಿ, ಹುದ್ದೆಗೆ ನಿಮ್ ಸೇರಿಸಿ ಕರೆಯಿರಿ.