ಟೊರೊಂಟೊಗೆ ಹೊಸಬರಾ? ಜನವರಿಗಿಂತ ಮೊದಲು ನವೆಂಬರ್‌ಗೆ ಹುಷಾರು

ಬೇಸಿಗೆಯಲ್ಲಿ ಬಂದಿಳಿದವರೆಲ್ಲ ಈಗ ಕೇಳುವುದು ಒಂದೇ ಪ್ರಶ್ನೆ: "ಮೈನಸ್ 20 ಯಾವಾಗ ಬರುತ್ತೆ?" ಬರುತ್ತದೆ, ಜನವರಿ-ಫೆಬ್ರವರಿಯಲ್ಲಿ ಕೆಲವು ದಿನ. ಅಷ್ಟು ಹೊತ್ತಿಗೆ ನಿಮ್ಮ ಹತ್ತಿರ ದಪ್ಪ ಜಾಕೆಟ್ ಇರುತ್ತದೆ, ಹೆದರಿಕೆಯೂ ಇರುತ್ತದೆ. ಹೊಸಬರು ಪೆಟ್ಟು ತಿನ್ನುವುದು ನವೆಂಬರ್‌ನಲ್ಲಿ. ಹಗಲು 7-8 ಡಿಗ್ರಿ, ರಾತ್ರಿ ಸೊನ್ನೆಯ ಆಸುಪಾಸು. "ಇಷ್ಟೇ ತಾನೇ" ಅಂತ ಊರಿನ ಸ್ವೆಟರ್ ಹಾಕಿಕೊಂಡು ಹೊರಡುತ್ತೇವೆ. ನಾನೂ ಹಾಗೇ ಹೊರಟಿದ್ದೆ. ಜಿಟಿಜಿಟಿ ಮಳೆ, ಕಾಲಿಗೆ ಹತ್ತಿಯ ಸಾಕ್ಸ್, ಬಸ್ಸಿಗೆ 25 ನಿಮಿಷ ಕಾದೆ. ಒಂದು ವಾರ ಹಾಸಿಗೆ ಬಿಟ್ಟೇಳಲಿಲ್ಲ.

ಮೊದಲು ದುಡ್ಡು ಹಾಕಬೇಕಾದದ್ದು ಜಾಕೆಟ್ಟಿಗಲ್ಲ, ನೀರು ಒಳಗಿಳಿಯದ ಬೂಟಿಗೆ. ಕಾಲು ಒದ್ದೆಯಾದರೆ ಮೇಲೆ ಏನು ಹೊದ್ದರೂ ಪ್ರಯೋಜನವಿಲ್ಲ. ಉಣ್ಣೆಯ ಸಾಕ್ಸ್ ಇರಲಿ. ಬಟ್ಟೆ ಪದರ ಪದರವಾಗಿರಲಿ: ಒಳಗೆ ಥರ್ಮಲ್, ನಡುವೆ ಫ್ಲೀಸ್, ಮೇಲೆ ಗಾಳಿ ತಡೆಯುವ ಜಾಕೆಟ್. ಆಫೀಸು, ಮಾಲ್, ಸಬ್‌ವೇ ಒಳಗೆಲ್ಲ ಸೆಕೆ. ಬಿಚ್ಚಿ ಹಾಕುವಂತಿರಬೇಕು, ಅಲ್ವಾ? ರಾಜ್ಯೋತ್ಸವಕ್ಕೆ ರೇಷ್ಮೆ ಸೀರೆ ಉಟ್ಟುಕೊಂಡು ಬರುವವರು ಬೂಟು ಹಾಕಿಕೊಂಡೇ ಬನ್ನಿ, ಚಪ್ಪಲಿ ಚೀಲದಲ್ಲಿರಲಿ. ಯಾರೂ ನಗುವುದಿಲ್ಲ, ನಾವೆಲ್ಲ ಹಾಗೇ ಬರುವುದು.

ಫೋನಿನಲ್ಲಿ ಹವಾಮಾನ ನೋಡುವಾಗ ದೊಡ್ಡ ಅಂಕಿ ನಂಬಿ ಹೊರಡಬೇಡಿ. ಪಕ್ಕದಲ್ಲಿರುವ 'ಫೀಲ್ಸ್ ಲೈಕ್' ನೋಡಿ. ಮೈನಸ್ 10 ಇದ್ದು ಗಂಟೆಗೆ 30 ಕಿ.ಮೀ. ಗಾಳಿ ಬೀಸಿದರೆ ಮುಖಕ್ಕೆ ತಾಗುವುದು ಮೈನಸ್ 20ರ ಚಳಿ. ಇಲ್ಲಿ ನೀವಿರುವ ಜಾಗದ ಹವಾಮಾನವನ್ನೇ ನೋಡಿ. ಒಂಟಾರಿಯೊ ಸರೋವರ ಬೇಸಿಗೆಯ ಬಿಸಿ ಇನ್ನೂ ಹಿಡಿದಿಟ್ಟುಕೊಂಡಿರುವುದರಿಂದ ಡೌನ್‌ಟೌನ್‌ನಲ್ಲಿ ಬರೀ ಮಳೆ ಬರುವಾಗ ಸರೋವರದಿಂದ ದೂರದ ಬ್ರಾಂಪ್ಟನ್‌ನಲ್ಲಿ ಹಿಮ ಬೀಳಬಹುದು. ಉತ್ತರದ ಬ್ಯಾರಿ ಕಡೆಗಂತೂ ಜಾರ್ಜಿಯನ್ ಬೇ ಎಂಬ ದೊಡ್ಡ ಕೊಲ್ಲಿಯ ಮೇಲಿನ ಗಾಳಿ ಹಿಮವನ್ನು ಹೊತ್ತು ತಂದು ಸುರಿಯುತ್ತದೆ. "ಈ ಸಲ ಚಳಿ ಕಡಿಮೆಯಂತೆ" ಎಂಬ ಮೂರು ತಿಂಗಳ ಮುನ್ಸೂಚನೆ ಕೇಳಿ ಶಾಪಿಂಗ್ ಮುಂದೂಡಬೇಡಿ. ಅದು ಸರಾಸರಿಯ ಮಾತು. ನೀವು ಬಸ್ಸಿಗೆ ಕಾಯುವ ದಿನ ಸರಾಸರಿ ಬಂದು ಕಾಪಾಡುವುದಿಲ್ಲ.

ನನಗೆ ಹಿಮಕ್ಕಿಂತ ಹೆದರಿಕೆ ಫ್ರೀಜಿಂಗ್ ರೇನ್ ಕಂಡರೆ. ಮಳೆಯ ಹಾಗೆ ಬಿದ್ದು, ನೆಲ ಮುಟ್ಟಿದ ಕೂಡಲೇ ಗಾಜಾಗುತ್ತದೆ. ರಸ್ತೆಗೆ ಅಂಟಿದ ತೆಳು ಮಂಜುಗಡ್ಡೆ, ಅಂದರೆ ಬ್ಲ್ಯಾಕ್ ಐಸ್ ಅಂತೂ ಕಣ್ಣಿಗೇ ಕಾಣದು. ಮಲೆನಾಡಿನವರಿಗೆ ಹೇಳುವುದು ಸುಲಭ: ಮಳೆಗಾಲದಲ್ಲಿ ಪಾಚಿ ಕಟ್ಟಿದ ಅಂಗಳ ದಾಟುವ ಹಾಗೆ ನಡೆಯಿರಿ. ಸಣ್ಣ ಹೆಜ್ಜೆ, ಕೈ ಜೇಬಿನಿಂದ ಹೊರಗೆ.

ಕಾರಿದ್ದವರು ವಿಂಟರ್ ಟೈರಿಗೆ ಈಗಲೇ ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳಿ. ಕ್ವಿಬೆಕ್‌ನಲ್ಲಿ ಡಿಸೆಂಬರ್ 1ರಿಂದ ಕಡ್ಡಾಯ, ಇಲ್ಲಿ ಕಡ್ಡಾಯವಲ್ಲ. ಆದರೆ 7 ಡಿಗ್ರಿಗಿಂತ ಕೆಳಗೆ ಮಾಮೂಲಿ ಟೈರಿನ ರಬ್ಬರ್ ಗಟ್ಟಿಯಾಗಿ ಹಿಡಿತ ಕಳೆದುಕೊಳ್ಳುತ್ತದೆ. ಹಾಕಿಸಿದ್ದೇವೆಂದು ಇನ್ಶೂರೆನ್ಸ್‌ನವರಿಗೆ ಹೇಳಿ, ರಿಯಾಯಿತಿ ಕೊಡುತ್ತಾರೆ. ಮೊದಲ ಹಿಮ ಬಿದ್ದ ಮೇಲೆ ಹೋದರೆ ವಾರಗಟ್ಟಲೆ ಕ್ಯೂ.

ಬಾಡಿಗೆ ಮನೆ ತಣ್ಣಗಿದ್ದರೆ ಸುಮ್ನೆ ಕಂಬಳಿ ಹೊದ್ದು ಕೂರಬೇಡಿ, ಮಾಲೀಕರಿಗೆ ಬರೆದು ತಿಳಿಸಿ. ಕೇಳದಿದ್ದರೆ ಟೊರೊಂಟೊ ನಗರದವರು ನಗರಾಡಳಿತದ ಸಹಾಯವಾಣಿ 311ಕ್ಕೆ ಫೋನ್ ಮಾಡಿ.

ಇನ್ನು ಕತ್ತಲೆ. ನವೆಂಬರ್‌ನ ಮೊದಲ ಭಾನುವಾರ ಗಡಿಯಾರ ಒಂದು ಗಂಟೆ ಹಿಂದೆ ಹೋಗುತ್ತದೆ. ಡಿಸೆಂಬರ್ ಹೊತ್ತಿಗೆ ಸಂಜೆ 4:40ಕ್ಕೇ ಸೂರ್ಯ ಮುಳುಗುತ್ತಾನೆ. ಮನಸ್ಸು ಮಂಕಾಗುವುದು ಇದರಿಂದಲೇ, ಚಳಿಯಿಂದ ಅಷ್ಟಾಗಿ ಅಲ್ಲ. ಮಧ್ಯಾಹ್ನ ಹತ್ತು ನಿಮಿಷವಾದರೂ ಹೊರಗೆ ನಡೆಯಿರಿ. ಗಡಿಯಾರ ಹಿಂದೆ ಹೋದ ಮೇಲೆ ಊರಿಗೂ ನಮಗೂ ಸಮಯದ ಅಂತರ ಹತ್ತೂವರೆ ಗಂಟೆಯಾಗುತ್ತದೆ, ಅಮ್ಮನಿಗೆ ಮೊದಲೇ ಹೇಳಿಬಿಡಿ. ಇಲ್ಲದಿದ್ದರೆ ಫೋನ್ ಯಾಕೆ ತಡವಾಯಿತೆಂದು ಗಾಬರಿಯಾಗುತ್ತಾರೆ.

ಹಾಂ, ದೋಸೆ ಹಿಟ್ಟು ಇನ್ನು ಉಬ್ಬುವುದಿಲ್ಲ. ಪಾತ್ರೆಯನ್ನು ಓವನ್ ಒಳಗಿಟ್ಟು ಅದರ ಲೈಟ್ ಮಾತ್ರ ಹಾಕಿಡಿ. ಮೊಸರಿಗೂ ಅದೇ ಉಪಾಯ. ಹಿಟ್ಟು ಒಳಗಿದೆ ಅಂತ ಒಂದು ಚೀಟಿ ಅಂಟಿಸಿ, ನಮ್ಮ ಮನೆಯಲ್ಲಿ ಒಮ್ಮೆ ಮರೆತು ಓವನ್ ಹಚ್ಚಿಬಿಟ್ಟಿದ್ದೆವು.